ಅಂಗಿಯ ಗುಂಡಿ, ತಗಡಿನ ಡಬ್ಬಿ

ಮನೆ, ಮಹಡಿಯ ಕೋಣೆ
ಶನಿವಾರ, ನವೆಂಬರ್ ೧೫

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ಅದು ಶೀತವೋ ಅಳುವೋ ಎಂದು ನಿನ್ನಮ್ಮ ಎರಡು ದಿನ ನನ್ನ ತಲೆ ತಿಂದಳು. ಶೀತವಾಗಿದ್ದರೆ ಬಿಸಿನೀರು ಕುಡಿ. ನರ್ಸ್ ತರಬೇತಿಯಲ್ಲಿರುವವಳಿಗೆ ನಾನು ಇದನ್ನು ಹೇಳಿಕೊಡುವುದು ತಮಾಷೆಯೇ, ಆದರೂ ಕುಡಿ. ನಿನ್ನಮ್ಮನ ಮಂಡಿನೋವು ಇದ್ದಲ್ಲೇ ಇದೆ. ಅಳಿಯಂದಿರ ಹಡಗು ಮುಂದಿನ ತಿಂಗಳು ದಡ ಸೇರುತ್ತದೆಂದು ಸುದ್ದಿ ಬಂದಿದೆ. ನನಗೇನೂ ಆಗಿಲ್ಲ, ಕಣ್ಣೊಂದು ಬಿಟ್ಟು. ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು ಈಗ ಸೂಜಿಗೆ ದಾರ ಪೋಣಿಸಲೂ ಒಪ್ಪುವುದಿಲ್ಲ. ನಿನ್ನ ಮಗಳು ಗುಂಡುಕಲ್ಲಿನ ಹಾಗಿದ್ದಾಳೆ. ಬೆಳಿಗ್ಗೆ ತೆರೆದ ಬಾಯಿ ಮಲಗುವ ತನಕ ಮುಚ್ಚುವುದಿಲ್ಲ, ಅದಕ್ಕೇ ನಿನ್ನಮ್ಮ ಅವಳಿಗೆ ರೇಡಿಯೊ ಎಂದು ಹೆಸರಿಟ್ಟಿದ್ದಾಳೆ.

ಪುಸ್ತಕ ತೆರೆದ ಕೂಡಲೇ ಆ ರೇಡಿಯೊ ಬಂದ್ ಆಗುತ್ತಿತ್ತು ಎಂಬುದು ನಿನಗೆ ಗೊತ್ತು. ಎರಡನೇ ತರಗತಿ ಅರ್ಧ ಮುಗಿಯುತ್ತಾ ಬಂದರೂ ಒಂದು ಪುಟ ಜೋರಾಗಿ ಓದುವುದಿಲ್ಲ, ಕಳೆಯುವ ಲೆಕ್ಕ ಕೊಟ್ಟರೆ ಅಳುತ್ತಾಳೆ, ಹೀಗೇ ಆದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ ಎಂದು ಶಾಲೆಯಿಂದ ಚೀಟಿ ಬಂತು. ಅದನ್ನು ಕೇಳಿ ನೀನು, "ತರಬೇತಿ ಬಿಟ್ಟು ಬಂದ್ಬಿಡ್ತೀನಿ ಅಪ್ಪಾ, ನನಗೆ ಅವಳಿಗಿಂತ ಇದು ಹೆಚ್ಚಾ?" ಎಂದೆ. ಇನ್ನು ನಾಲ್ಕೇ ತಿಂಗಳು ಉಳಿದಿರುವಾಗ! ಯಾಕೆ ಹೀಗಾಯ್ತು ಎಂದೂ ಕೇಳಿದೆ. ಮಕ್ಕಳೆಂದ ಮೇಲೆ ಹಾಗೇ, ಸರಿಹೋಗುತ್ತೆ ಎಂದು ನಾನು ತೇಲಿಸಿಬಿಟ್ಟೆ. ಅದು ಸುಳ್ಳು. ಕಾರಣ ನನಗೆ ಆಗಲೇ ಅಲ್ಪಸ್ವಲ್ಪ ಗೊತ್ತಿತ್ತು, ಈಗ ಪೂರ್ತಿ ಗೊತ್ತಾಗಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ. ನೀನು ಊಟ ಮುಗಿಸಿಕೊಂಡು ನಿಧಾನವಾಗಿ ಓದು.

ಹಿಂದೆ ಬಿದ್ದ ಮಕ್ಕಳಿಗೆಂದು ಶಾಲೆಯವರು ವಾರಕ್ಕೆ ಮೂರು ಸಂಜೆ ಓದು ಮತ್ತು ಲೆಕ್ಕದ ಪಾಠ ಇಟ್ಟಿದ್ದಾರೆ. ಷರತ್ತು ಒಂದೇ, ಮನೆಯ ದೊಡ್ಡವರೊಬ್ಬರು ಮಗುವಿನ ಜೊತೆ ಕೂರಬೇಕು. ನಿನ್ನಮ್ಮ ಮಂಡಿಯನ್ನು ಮುಂದಿಟ್ಟು ತಪ್ಪಿಸಿಕೊಂಡಳು, ನಾನು ಸಿಕ್ಕಿಬಿದ್ದೆ. ಪಾಠ ನಡೆಯುವ ಪುಸ್ತಕದ ಕೋಣೆಯಲ್ಲಿ ಇರುವುದೆಲ್ಲ ಮಕ್ಕಳ ಕುರ್ಚಿಗಳೇ. ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ. ನನ್ನ ಪಕ್ಕದಲ್ಲಿ ಗಾರೆ ಕೆಲಸದವರೊಬ್ಬರು ತಮ್ಮ ಮಗಳ ಜೊತೆ ಕೂತಿದ್ದರು, ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು. ನಿಜ ಹೇಳುತ್ತೇನೆ, ನಾನು ಒಳಗೊಳಗೇ ಬೀಗುತ್ತಿದ್ದೆ. ಓದಿನ ವಿಷಯದಲ್ಲಿ ಈ ಕೋಣೆಯಲ್ಲಿ ನನಗೆ ಹೇಳಿಕೊಡುವವರು ಯಾರಿದ್ದಾರೆ ಎಂದುಕೊಂಡಿದ್ದೆ.

ರೇಡಿಯೊ ಕಪ್ಪೆಯ ಕಥೆ ತೆಗೆದಳು. ಮೊದಲ ಸಾಲಿನಲ್ಲಿ ಒಂದು ಅಕ್ಷರ ನುಂಗಿದಳು, ತಿದ್ದಿದೆ. ಎರಡನೆಯದರಲ್ಲಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ತಿದ್ದಿದೆ. ಮೂರನೇ ಸಾಲಿಗೆ ಅವಳ ದನಿ ಸೊಳ್ಳೆಯಷ್ಟಾಯಿತು, ನಾಲ್ಕಕ್ಕೆ ಅದೂ ಇಲ್ಲ. ಒಂದೊಂದು ಪದಕ್ಕೂ ಪುಟ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ಗಾರೆಯವರ ಮಗಳು ಮಾತ್ರ ತಪ್ಪುತಪ್ಪಾಗಿ, ಆದರೆ ಬಾಯಿತುಂಬ ಓದುತ್ತಿದ್ದಳು. ಆತ ಶಾಲೆಯ ಮೆಟ್ಟಿಲು ಹತ್ತಿದವರಲ್ಲವಂತೆ, ತಿದ್ದಲು ಬರುವುದೇ ಇಲ್ಲ. "ಹೌದಾ? ಆಮೇಲೇನಾಯ್ತು?" ಎಂದು ಕೇಳುವುದಷ್ಟೇ ಅವರ ಪಾಠ. ಅದನ್ನು ಹೇಳುವ ಆತುರಕ್ಕೆ ಆ ಮಗು ಮುಂದಿನ ಸಾಲಿಗೆ ಓಡುತ್ತಿತ್ತು.

ಅಲ್ಲಿಯ ಟೀಚರ್ ನಿನಗಿಂತ ಚಿಕ್ಕವರು. ನನ್ನ ಹತ್ತಿರ ಬಂದು ಒಂದು ಹಿಡಿ ಅಂಗಿಯ ಗುಂಡಿಗಳನ್ನೂ ಒಂದು ತಗಡಿನ ಡಬ್ಬಿಯನ್ನೂ ಇಟ್ಟರು. "ಅಜ್ಜಾ, ತಿದ್ದಬೇಕು ಅನ್ನಿಸಿದಾಗಲೆಲ್ಲ ಒಂದು ಗುಂಡಿ ಡಬ್ಬಿಗೆ ಹಾಕಿ. ಬಾಯಿ ಮಾತ್ರ ತೆರೀಬೇಡಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ದೊಡ್ಡ ವಿದ್ವಾಂಸರೇ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತು ಕರಡು ತಿದ್ದಿಸಿಕೊಂಡು ಹೋಗಿದ್ದಾರೆ, ಇಲ್ಲಿ ನನ್ನನ್ನು ಗುಂಡಿ ಹಾಕಲು ಕೂರಿಸಿದರಲ್ಲ! ಆದರೂ ಹಲ್ಲು ಕಚ್ಚಿಕೊಂಡು ಹಾಕಿದೆ. ಅರ್ಧ ಪುಟಕ್ಕೆ ಇಪ್ಪತ್ತೇಳು ಗುಂಡಿ.

ಮುಂದಿನ ಸಂಜೆ ಹತ್ತೊಂಬತ್ತಾಯಿತು. ಲೆಕ್ಕದ ಸರದಿ ಬಂದಾಗ ಟೀಚರ್ ಆ ಗುಂಡಿಗಳನ್ನೇ ಅವಳ ಮುಂದೆ ಸುರಿದರು. ನಿನ್ನ ಮಗಳು ನೆಲದ ಮೇಲೆ ಇಪ್ಪತ್ತೇಳರ ಒಂದು ಸಾಲು, ಅದರ ಕೆಳಗೆ ಹತ್ತೊಂಬತ್ತರ ಇನ್ನೊಂದು ಸಾಲು ಜೋಡಿಸಿ, ಜೊತೆಯಿಲ್ಲದೆ ಉಳಿದವನ್ನು ಎಣಿಸಿದಳು. ಕಳೆಯುವ ಲೆಕ್ಕ, ಒಂದು ಹನಿ ಕಣ್ಣೀರಿಲ್ಲ. ಆಮೇಲೆ ಎದ್ದು ಬಂದು ನನ್ನ ಬೆನ್ನು ತಟ್ಟಿ, "ಅಜ್ಜಾ, ಇವತ್ತು ನೀನು ಎಂಟು ತಪ್ಪು ಕಮ್ಮಿ ಮಾಡಿದೀಯಾ!" ಎಂದಳು. ಡಬ್ಬಿಗೆ ಬೀಳುತ್ತಿದ್ದವು ನನ್ನ ತಪ್ಪುಗಳೆಂದು ಅವಳು ತಿಳಿದಿದ್ದಳು! ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವು ನನ್ನವಲ್ಲ ಕಣೇ, ನಿನ್ನವು ಎನ್ನಲು ಬಾಯಿ ತೆರೆದೆ. ಟೀಚರ್ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡೆ.

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಮಗು ಹೇಳಿದ್ದರಲ್ಲಿ ತಿದ್ದುವುದಕ್ಕೇನೂ ಇರಲಿಲ್ಲ. ನೀನು ಹೋದಾಗಿನಿಂದ ಪ್ರತಿ ಸಂಜೆ ಪೆನ್ಸಿಲ್ ಹಿಡಿದು ಅವಳ ಪಕ್ಕ ಕೂತವನು ನಾನೇ. ಅವಳು ಓದಿದ ಕಥೆ ಏನೆಂದು ಒಂದು ದಿನವೂ ಕೇಳಲಿಲ್ಲ. ಅಚ್ಚುಕೂಟದಲ್ಲಿ ಒಂದು ತಪ್ಪು ಕೈಗೆ ಸಿಕ್ಕಿದರೆ ನನಗೆ ಖುಷಿಯಾಗುತ್ತಿತ್ತು. ಅದೇ ಖುಷಿಯನ್ನು ಏಳು ವರ್ಷದ ಮಗುವಿನ ಬಾಯಲ್ಲಿ ಹುಡುಕುತ್ತಿದ್ದೆ. ಅವಳ ಬಾಯಿ ಕಟ್ಟಿಸಿದವನು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ನೀನು ನಿನ್ನನ್ನೇ ಬೈದುಕೊಳ್ಳುತ್ತಾ ಕೂತಿರುತ್ತೀಯಾ ಎಂದು ಗೊತ್ತಿರುವುದರಿಂದ ಬರೆಯಲೇಬೇಕು. ನೀನು ದೂರ ಹೋದದ್ದರಿಂದ ಹೀಗಾದದ್ದಲ್ಲ.

ಈಗ ಮೂರು ವಾರ ಕಳೆದಿದೆ. ಮೊನ್ನೆ ಅವಳು ಇಡೀ ಪುಟ ಓದಿದಳು, ಡಬ್ಬಿಗೆ ಬಿದ್ದದ್ದು ನಾಲ್ಕೇ ಗುಂಡಿ. ಅವಳ ತಪ್ಪು ಅಷ್ಟೊಂದು ಇಳಿದಿಲ್ಲ, ನನ್ನ ಚಪಲ ಇಳಿದಿದೆ. ನಡುವೆ ಒಂದು ಪದವನ್ನು ಏನೋ ತಪ್ಪಾಗಿ ಓದಿ ಮುಂದೆ ಹೋದಳು. ಎರಡು ಸಾಲು ದಾಟಿದ ಮೇಲೆ ತಾನಾಗಿ ನಿಂತು, ಹಣೆ ಗಂಟಿಕ್ಕಿ, ಹಿಂದಕ್ಕೆ ಬಂದು, ಸರಿಯಾಗಿ ಓದಿ, ಯಾರ ಮುಖವನ್ನೂ ನೋಡದೆ ಮುಂದುವರಿದಳು. ನನಗೆ ಕಣ್ಣು ತುಂಬಿ ಬಂತು. ವಯಸ್ಸಾಯಿತಲ್ಲ, ನೀರು ಸೋರುತ್ತದೆ ಎಂದು ಗಾರೆಯವರಿಗೆ ಸುಳ್ಳು ಹೇಳಿದೆ. ಇನ್ನೂ ನಿಧಾನವೇ, ಎರಡಂಕಿಯ ಲೆಕ್ಕಕ್ಕೆ ಈಗಲೂ ಗುಂಡಿ ಬೇಕು. ಆದರೆ ಹೀಗೇ ನಡೆದರೆ ಮೂರನೇ ತರಗತಿಗೆ ಕಳಿಸಲು ಅಡ್ಡಿಯಿಲ್ಲ ಎಂದು ಟೀಚರ್ ಹೇಳಿದ್ದಾರೆ. ನಿನ್ನಮ್ಮ ತರಕಾರಿ ಹೆಚ್ಚುವಾಗ ಎದುರಿಗೆ ಕೂತು ಓದುತ್ತಾಳೆ. ದಯವಿಟ್ಟು ತರಬೇತಿ ಬಿಡಬೇಡ. ಮುಗಿಸಿಕೊಂಡೇ ಬಾ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲಿಗೆ ವಿಶ್ರಾಂತಿ ಕೊಡು. ಅಮ್ಮನ ಮುತ್ತು, ರೇಡಿಯೊದ ನೂರೆಂಟು ಮುತ್ತು. ನಿನ್ನ ಕೈಯಲ್ಲಿ ಆರೈಕೆ ಪಡೆದವರ ಹರಕೆಯೆಲ್ಲ ನಿನಗಿರಲಿ, ನನ್ನದೂ ಸೇರಿ.

ನಿನ್ನ
ಅಪ್ಪ

ಮರೆತ ಮಾತು: ಅಂಚೆಯವನು ಪೆಟ್ಟಿಗೆ ತೆರೆದು ಪತ್ರ ಒಯ್ಯಲು ಇನ್ನು ಹತ್ತೇ ನಿಮಿಷ. ಮರೆತದ್ದೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಶಾಲೆಯ ಹಾಸ್ಟೆಲಿನಲ್ಲಿದ್ದ ವರ್ಷ ನೀನು ನನಗೆ ಆರು ಪತ್ರ ಬರೆದಿದ್ದೆ. ಆರನ್ನೂ ನಾನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದೆ. ಆರನೆಯದರಲ್ಲಿ ನೀನು, ಜ್ವರ ಬಂದು ಎಂಟು ದಿನ ಮಲಗಿದ್ದೆ ಎಂದು ಬರೆದಿದ್ದೆ. ನಾನು ಅದಕ್ಕೊಂದು ಅಲ್ಪವಿರಾಮ ಹಾಕಿದೆ, ಹೇಗಿದ್ದೀಯಾ ಎಂದು ಕೇಳಲಿಲ್ಲ. ಏಳನೆಯದು ಬರಲೇ ಇಲ್ಲ. ಫೋನಿನಲ್ಲಿ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡುವ ನೀನು ನನಗೆ "ಹೂಂ, ಸರಿ ಅಪ್ಪಾ" ಎಂದಷ್ಟೇ ಯಾಕೆ ಹೇಳುತ್ತೀಯಾ ಎಂಬುದು ನನಗೆ ಇಷ್ಟು ವರ್ಷ ಹೊಳೆಯಲಿಲ್ಲ. ನನಗೊಂದು ಪತ್ರ ಬರೆ ಮಗಳೇ, ಹೇಗೆ ಬಂದರೆ ಹಾಗೆ. ಆ ಎಂಟು ದಿನ ನಿನ್ನ ಪಕ್ಕದಲ್ಲಿ ಯಾರಿದ್ದರು?