ಇರ್ಫಾನಾಳ ಸಾಲು

ಗಂಗಾವತಿ, ಸೋಮವಾರ

ಮೆಹಬೂಬಬೀ ಅಮ್ಮನವರಿಗೆ ಹುಲಗೆಮ್ಮಳ ಸಲಾಮು.

ನಿಮ್ಮ ಮಗಳು ಇರ್ಫಾನಾ ಹಾಸಿಗೆ ಹಿಡಿದ ದಿನದಿಂದ ಅವಳ ಲ್ಯಾಪ್‌ಟಾಪ್ ಆಫೀಸಿನ ನನ್ನ ಕಪಾಟಿನಲ್ಲೇ ಇದೆ. ಬ್ಯಾಟರಿ ಬೇರೆ ತೆಗೆದಿಟ್ಟಿದ್ದೇನೆ.

ನಮ್ಮ ಡೇಟಾಬೇಸ್‌ನಲ್ಲಿ ಅಳಿಸಿದ ಸಾಲು ತಕ್ಷಣ ಹೋಗುವುದಿಲ್ಲ. ಅದು ಕಸವಾಗಿ ಒಳಗೇ ಉಳಿದಿರುತ್ತದೆ; ಆಮೇಲೆ ಡೇಟಾಬೇಸೇ ತಾನಾಗಿ ಆ ಕಸ ಗುಡಿಸಿಕೊಳ್ಳುತ್ತದೆ. ಇರ್ಫಾನಾಳನ್ನು ಮಣ್ಣು ಮಾಡಿದ ಮರುದಿನ ಮಧ್ಯಾಹ್ನ, ಸಿಬ್ಬಂದಿ ಪಟ್ಟಿಯಿಂದ ಅವಳ ಸಾಲನ್ನು ನಾನೇ ಅಳಿಸಿದೆ. ಅದು ಹೋಗಲಿಲ್ಲ. ನಿಮಿಷಕ್ಕೊಮ್ಮೆ ಗುಡಿಸುವಂತೆ ಸೆಟ್ಟಿಂಗ್ ಬದಲಿಸಿದೆ. ಆದರೂ ಹೋಗಲಿಲ್ಲ. ಅಳಿಸುವ ಮೊದಲೇ ಪಟ್ಟಿ ತೆರೆದು ಯಾರಾದರೂ ಕೂತಿದ್ದರೆ, ಅವರು ಏಳುವ ತನಕ ಆ ಕಸ ಹೋಗುವುದಿಲ್ಲ.

ಒಬ್ಬರು ಕೂತಿದ್ದಾರೆ. ನಾನು ಅಳಿಸಿದ ದಿನವೇ ಬೆಳಿಗ್ಗೆ, ಇರ್ಫಾನಾಳ ಹೆಸರಿನಲ್ಲಿ, ಕಪಾಟಿನಲ್ಲಿರುವ ಅದೇ ಲ್ಯಾಪ್‌ಟಾಪಿನಿಂದ ಪಟ್ಟಿ ತೆರೆದಿದೆ. ಅವಳ ಕಣ್ಣಿಗೆ ಆ ಸಾಲು ಇನ್ನೂ ಹಾಗೇ ಕಾಣುತ್ತಿರುತ್ತದೆ. ಅದರಲ್ಲಿ ಅವಳಿನ್ನೂ ಕೆಲಸದಲ್ಲಿದ್ದಾಳೆ.

ಬಲವಂತವಾಗಿ ಎಬ್ಬಿಸಬಹುದು. ಆದರೆ ಅವಳನ್ನು ಮಣ್ಣಿಗೆ ಒಯ್ದ ದಿನ, ಅವಳ ಖೋಲಿಯಲ್ಲಿ ಕಸಬರಿಗೆ ಎತ್ತಿಕೊಂಡ ನನ್ನ ಕೈ ಹಿಡಿದು ನೀವು, "ಬ್ಯಾಡವಾ, ಈಗಷ್ಟ ಹೋಗ್ಯಾಳ, ಬೆನ್ನಹಿಂದನ ಕಸ ಹೊಡೀಬಾರ್ದು" ಅಂದಿರಿ. ಹಾಗಾಗಿ ಇಲ್ಲಿಯೂ ಗುಡಿಸುವುದನ್ನು ನಿಲ್ಲಿಸಿದ್ದೇನೆ.

ಅವಳ ಖೋಲಿಯ ಕಸ ಹೊಡೆದ ದಿನ ನನಗೊಂದು ಫೋನ್ ಮಾಡಿ. ಅಲ್ಲಿಯ ತನಕ ಅವಳ ಕುರ್ಚಿಯಲ್ಲಿ ಯಾರನ್ನೂ ಕೂಡಿಸುವುದಿಲ್ಲ.

ನಿಮ್ಮ
ಹುಲಗೆಮ್ಮ