ಎಟುಕದ ಚಿಲಕ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡಿಯ ನಮಸ್ಕಾರ. ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿವೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕೆಂದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೆ. ಪೆನ್ನಿನ ಮಾತು ಹಾಗಿರಲಿ, ಕಾಫಿ ಲೋಟ ಹಿಡಿಯುವುದಕ್ಕೂ ಆಗುತ್ತಿರಲಿಲ್ಲ. ಏನಾಯಿತೆಂದರೆ, ಕಚ್ಚಿಸಿಕೊಂಡೆ. ನಾಯಿಯಲ್ಲ, ಮಗು. ಇಷ್ಟೇ ಬರೆದು ಬಿಟ್ಟರೆ ಮುಂದಿನ ಬಸ್ಸು ಹತ್ತಿ ಬಂದುಬಿಡುತ್ತೀಯ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಮೊದಲು ಮನೆಯ ಸುದ್ದಿ. ಹೊಸ ಬಾಡಿಗೆ ಮನೆ ಚೆನ್ನಾಗಿದೆ, ಅಡುಗೆಮನೆಗೆ ಬೆಳಕು ಬರುತ್ತದೆ, ಪಕ್ಕದ ಮನೆಯವರು ಅಗತ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಬಂದ ಕೂಡಲೇ ಬಡಗಿಯನ್ನು ಕರೆಸಿ ಬಾಗಿಲುಗಳ ಚಿಲಕಗಳನ್ನೆಲ್ಲ ಕೆಳಗಿಳಿಸಿದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಸೊಂಟದ ಹತ್ರ ಯಾರಾದ್ರೂ ಚಿಲಕ ಹಾಕಿಸ್ತಾರಾ ಅಮ್ಮಾ? ಮನೇಲಿ ಚಿಕ್ಕ ಮಕ್ಕಳಿದ್ದಾರಾ?" ಎಂದ. "ಇಲ್ಲಪ್ಪ, ನಾನೊಬ್ಬಳೇ" ಎಂದೆ. "ಹಾಗಾದ್ರೆ ಬಗ್ಗಿ ಬಗ್ಗಿ ಸೊಂಟ ಹಿಡ್ಕೊಳ್ಳುತ್ತೆ ನೋಡಿ." "ಹಿಡ್ಕೊಂಡ್ರೆ ನನ್ನ ಸೊಂಟ ತಾನೇ, ನಿಂದಲ್ವಲ್ಲ" ಎಂದು ಬಾಯಿ ಮುಚ್ಚಿಸಿದೆ. ನಿನಗೆ ನಗು ಬರಲಿಕ್ಕಿಲ್ಲ.

ನಿನ್ನ ನಾದಿನಿ ನನ್ನ ಕೆಲಸದ ಬಗ್ಗೆ ಕೇಳಿದಾಗ "ಕೋರ್ಟಿನಲ್ಲಿ ಆಟದ ಸಾಮಾನು ಕಾಯುತ್ತಾಳೆ" ಎಂದೆಯಂತೆ. ಸುಳ್ಳೇನಲ್ಲ. ಹೆತ್ತವರಿಂದ ಬೇರೆ ಮಾಡಿ ಆಶ್ರಯಧಾಮದಲ್ಲಿ ಇಟ್ಟಿರುವ ಮಕ್ಕಳು ವಾರಕ್ಕೊಮ್ಮೆ ತಾಯಿಯನ್ನೋ ತಂದೆಯನ್ನೋ ನೋಡುವ ಕೋಣೆ ಅದು. ಗೋಡೆಯ ಮೇಲೆ ಬಣ್ಣ ಹೋದ ಬಾತುಕೋಳಿಗಳು, ಒಂದು ಜಾರುಬಂಡೆ, ಕೈಕಾಲು ಕಳೆದುಕೊಂಡ ಗೊಂಬೆಗಳು. ಮಕ್ಕಳು ಹಿಂದಿನ ಮೆಟ್ಟಿಲಿನಿಂದ ಮೊದಲು ಬರಬೇಕು, ದೊಡ್ಡವರು ಮುಂದಿನ ಮೆಟ್ಟಿಲಿನಿಂದ ಆಮೇಲೆ. ನಾನು ಮೂಲೆಯ ಕುರ್ಚಿಯಲ್ಲಿ ಯಾವುದಾದರೂ ಗೊಂಬೆಯ ಕೈ ಹೊಲಿಯುತ್ತಾ, ನೋಡದವಳ ಹಾಗೆ ಎಲ್ಲವನ್ನೂ ನೋಡುತ್ತಾ ಕೂರಬೇಕು. ಮಗುವಿನ ಹತ್ತಿರ ಮನೆಯ ವಿಷಯ ಎತ್ತಬಾರದು. ಎತ್ತಿದರೆ ಹೇಳಿಕೊಟ್ಟ ಹಾಗಾಗುತ್ತದೆ. ನ್ಯಾಯಾಧೀಶರು ಕೇಳಿದಾಗ ಕಂಡದ್ದನ್ನು ಮಾತ್ರ ಹೇಳಬೇಕು.

ಆ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಹಿಂದೆ ಒಬ್ಬ ತಾಯಿ ಬರುತ್ತಿದ್ದಳು. ಯಾರೋ ಆಗದವರು ಕೊಟ್ಟ ದೂರಿನ ಮೇಲೆ ಎದೆಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಹೋಗಿದ್ದರು. ಅವಳದೇನೂ ತಪ್ಪಿಲ್ಲವೆಂದು ತೀರ್ಮಾನವಾಗುವ ಹೊತ್ತಿಗೆ ಮಗು ಆಶ್ರಯಧಾಮದ ಆಯಾಳನ್ನೇ ಅಮ್ಮ ಎನ್ನುತ್ತಿತ್ತು, ಹೆತ್ತವಳನ್ನು ಕಂಡರೆ ಅಳುತ್ತಿತ್ತು. ಹೊರಡುವಾಗ ಆಕೆ ಮಗುವಿನ ಬೂಟಿನ ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು, ಇನ್ನೊಂದು ಗಳಿಗೆ ಸಿಗಲಿ ಎಂದು. ಹಾಗಾಗಿ ಯಾವ ವಕೀಲರಾದರೂ ಹೆತ್ತವರ ಹಕ್ಕು ಎಂದು ಗಂಟಲು ಹರಿದುಕೊಂಡರೆ ನನಗೆ ಸಿಟ್ಟು ಬರುವುದಿಲ್ಲ. ಆಕೆಯ ಬೆರಳುಗಳು ಕಣ್ಣ ಮುಂದೆ ಬರುತ್ತವೆ.

ಈಗ ನನ್ನ ಹೆಬ್ಬೆರಳಿನ ಕಥೆ. ಅಕ್ಕ ತಂಗಿ ಇಬ್ಬರು ಮಕ್ಕಳು, ತಾಯಿ ತೀರಿಕೊಂಡಿದ್ದಾಳೆ. ದೊಡ್ಡವಳ ಬೆನ್ನಿನ ಮೇಲೆ ಬಾಸುಂಡೆ ಕಂಡು ಶಾಲೆಯ ಟೀಚರು ದೂರು ಕೊಟ್ಟರು. ಡಾಕ್ಟರು ಇಬ್ಬರನ್ನೂ ನೋಡಿದರು. ಚಿಕ್ಕವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಸಾಕ್ಷಿ ಇಲ್ಲದೆ ಮಗುವನ್ನು ತಂದೆಯಿಂದ ಕಿತ್ತುಕೊಳ್ಳುವ ಹಾಗಿಲ್ಲವಲ್ಲ, ದೊಡ್ಡವಳನ್ನು ಆಶ್ರಯಧಾಮಕ್ಕೆ ಕಳಿಸಿ ಚಿಕ್ಕವಳನ್ನು ಅಪ್ಪನ ಹತ್ತಿರ ಬಿಟ್ಟರು. ಅತ್ತ ಮಗುವಿನ ಹಕ್ಕೂ ಉಳಿಯಿತು, ಇತ್ತ ತಂದೆಯ ಹಕ್ಕೂ ಉಳಿಯಿತು, ತಕ್ಕಡಿ ಸರಿಯಾಗಿ ನಿಂತಿತು ಎಂದು ಎಲ್ಲರಿಗೂ ಸಮಾಧಾನ.

ಆ ಅಪ್ಪನನ್ನು ನೋಡಿದರೆ ನಿನಗೂ ಇಷ್ಟವಾಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಭೇಟಿಗೆ ಬಂದಾಗಲೆಲ್ಲ ಜೇಬಿನಿಂದ ಬಾಚಣಿಗೆ ತೆಗೆದು ದೊಡ್ಡವಳಿಗೆ ಜಡೆ ಹಾಕುತ್ತಿದ್ದ, ಒಂದು ಕೂದಲೂ ಎಳೆಯದ ಹಾಗೆ. ಜೋಕು ಹೇಳುತ್ತಿದ್ದ. ಅವಳು ಜೋಕು ಮುಗಿಯುವ ಮೊದಲೇ ನಗುತ್ತಿದ್ದಳು. ಮುಂದಿನ ಮೆಟ್ಟಿಲ ಮೇಲೆ ಇಡೀ ದಿನ ಎಷ್ಟೋ ಜನ ಹತ್ತಿ ಇಳಿಯುತ್ತಾರೆ, ಆದರೆ ಅವನು ಕೆಳಗಿನ ತಿರುವಿನಲ್ಲಿ ಇರುವಾಗಲೇ ಅವಳಿಗೆ ತಿಳಿಯುತ್ತಿತ್ತು. ಆಡುತ್ತಿದ್ದದ್ದನ್ನು ಬಿಟ್ಟು ಎದ್ದು, ಲಂಗ ಸರಿಮಾಡಿಕೊಂಡು, ನಗುಮುಖ ಮಾಡಿಕೊಂಡು ನಿಲ್ಲುತ್ತಿದ್ದಳು. ಒಂದು ಸಲ ನೋಡುತ್ತೇನೆ, ಅವಳ ಜೊತೆಗೆ ನಾನೂ ಎದ್ದು ನಿಂತಿದ್ದೇನೆ! ಕೈಯಲ್ಲಿ ಸೂಜಿ ಹಾಗೇ ಇದೆ. ನಮ್ಮಪ್ಪ ಸತ್ತು ಯಾವ ಕಾಲವಾಯಿತು ಅಕ್ಕ, ಅವರ ಚಪ್ಪಲಿ ಸದ್ದಿಗೆ ಮಾತ್ರ ಇನ್ನೂ ಸಾವು ಬಂದಿಲ್ಲ. ನಿನಗೂ ಕೇಳಿಸುತ್ತದೆಯೋ ಇಲ್ಲವೋ, ನಾವು ಯಾವತ್ತೂ ಈ ವಿಷಯ ಆಡಿದವರಲ್ಲ.

ಪ್ರತಿ ಭೇಟಿಯಲ್ಲೂ ಆ ಹುಡುಗಿ ಒಂದು ಪ್ರಶ್ನೆ ಕೇಳುತ್ತಿದ್ದಳು. "ಅಪ್ಪಾ, ಬಚ್ಚಲುಮನೆ ಚಿಲಕ ಸರಿ ಮಾಡಿಸಿದ್ರಾ?" ಅವನು ನನ್ನ ಕಡೆ ತಿರುಗಿ, "ನೋಡಿ ನಮ್ಮನೆ ಯಜಮಾನೀನ! ಇಲ್ಲಿ ಕೂತ್ಕೊಂಡೇ ರಿಪೇರಿ ಮಾಡಿಸ್ತಾಳೆ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಮನೆಯ ಮೇಲೆ ಎಷ್ಟು ಜೀವ ಈ ಮಗುವಿಗೆ ಎಂದುಕೊಂಡೆ. ನ್ಯಾಯಾಧೀಶರು ಕೇಳಿದಾಗ ಅದನ್ನೂ ಹೇಳಿದೆ, ಕಂಡದ್ದನ್ನು ಹೇಳಬೇಕಲ್ಲ. ಅಪ್ಪನ ಕಡೆಯ ವಕೀಲರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಕೊನೆಗೆ ನ್ಯಾಯಾಧೀಶರು ಮಗುವನ್ನೇ ಕೇಳುತ್ತೇನೆಂದು ತಮ್ಮ ಕೋಣೆಗೆ ಕರೆಸಿದರು. ಹೆಂಗಸು, ಒಳ್ಳೆಯವರು. ಕನ್ನಡಕ ತೆಗೆದಿಟ್ಟು, ಹುಡುಗಿಯ ಎತ್ತರಕ್ಕೆ ಬಗ್ಗಿ ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ನಿನಗೆ ಎಲ್ಲಿರೋಕೆ ಇಷ್ಟ ಪುಟ್ಟಾ?"

"ಮನೇಲಿ."

"ಅಪ್ಪ ಮತ್ತೆ ಹೊಡೆದ್ರೆ?"

"ಹೊಡೀಲಿ. ನಾನು ಮನೆಗೆ ಹೋಗ್ತೀನಿ."

ಹೊರಗೆ ವಕೀಲರ ಮುಖ ಅರಳಿತ್ತು. "ಮಗೂನ ಮಾತು ಕೇಳ್ಬೇಕು ಅಂತ ಕಾನೂನೇ ಹೇಳುತ್ತೆ. ಮಗೂನೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನಿದೆ ಮೇಡಂ?" ಎಂದರು. ಊಟದ ಹೊತ್ತು ಕಳೆದ ಮೇಲೆ ಆದೇಶ ಕೊಡುತ್ತೇನೆಂದು ಆಕೆ ಎದ್ದುಹೋದರು.

ಹುಡುಗಿಯನ್ನು ಹಿಂದಿನ ಮೆಟ್ಟಿಲಿನಿಂದ ಇಳಿಸಿಕೊಂಡು ಹೋಗುವಾಗ ಅವಳ ಬೂಟಿನ ದಾರ ಬಿಚ್ಚಿತ್ತು. ಕಟ್ಟಲು ಕೂತೆ. ಏನನ್ನಿಸಿತೋ, ಕೇಳಿಬಿಟ್ಟೆ. "ನಿಮ್ಮನೆ ಬಚ್ಚಲುಮನೆ ಚಿಲಕ ಮುರಿದುಹೋಗಿದ್ಯಾ?"

"ಮುರಿದಿಲ್ಲ ಆಂಟಿ. ತುಂಬಾ ಮೇಲಿದೆ."

"ಮೇಲಿದ್ರೆ ಏನಾಯ್ತು?"

"ಅಪ್ಪ ಕುಡಿದು ಬರೋ ಸದ್ದು ಕೇಳಿದ್ರೆ ನಾನು ತಂಗೀನ ಕರ್ಕೊಂಡು ಒಳಗೋಗಿ ಚಿಲಕ ಹಾಕ್ಕೊಳ್ತಿದ್ದೆ. ಅಪ್ಪ ಮಲಗೋವರೆಗೂ ಅಲ್ಲೇ. ಬೆಳಗ್ಗೆ ಯಾಕೆ ಚಿಲಕ ಹಾಕ್ಕೊಂಡೆ ಅಂತ ನನಗೆ ಬೀಳೋದು. ಅವಳಿಗೆ ಬೀಳ್ತಿರಲಿಲ್ಲ, ಹಾಕಿದ್ದು ನಾನಲ್ವಾ." ಕಟ್ಟಿದ ಬೂಟನ್ನು ನೆಲಕ್ಕೆ ಒತ್ತಿ ನೋಡಿದಳು. "ಅವಳಿಗೆ ಎಟುಕಲ್ಲ ಆಂಟಿ. ಅದಕ್ಕೇ ನಾನು ಹೋಗ್ಬೇಕು."

ಚಿಕ್ಕವಳ ಮೈಮೇಲೆ ಒಂದು ಗೀರೂ ಇಲ್ಲ ಎಂದು ಬರೆದರಲ್ಲ, ಆ ಗೀರುಗಳೆಲ್ಲ ಇವಳ ಬೆನ್ನಿನ ಮೇಲಿದ್ದವು. ಯಾರ ಪುಣ್ಯದಿಂದ ಆ ಮಗು ಹಾಗಿತ್ತೋ ಅವಳನ್ನೇ ನಾವು ಆ ಮನೆಯಿಂದ ತೆಗೆದಿದ್ದೆವು.

ಹೋಗಿ ಹೇಳಿದೆ. ನ್ಯಾಯಾಧೀಶರು ಮೊದಲು ಕೇಳಿದ್ದು, "ನೀವು ಮಗು ಹತ್ರ ಮನೆ ವಿಷಯ ಮಾತಾಡಿದ್ರಾ?" ಎಂದು. "ಮಾತಾಡಿದೆ ಮೇಡಂ" ಎಂದೆ. ವಕೀಲರು ಕೂತಲ್ಲಿಂದ ಹಾರಿದರು. "ಹೇಳಿಕೊಟ್ಟು ಕರ್ಕೊಂಡು ಬಂದಿದ್ದಾರೆ! ಒಬ್ಬ ತಂದೆ ಹಕ್ಕನ್ನ ಹೀಗೆ ಆಯಾಗಳ ಕೈಗೆ ಕೊಡ್ತೀರಾ?" ಆಕೆ ಕೈ ಎತ್ತಿ ಸುಮ್ಮನಾಗಿಸಿದರು. "ಒಂದು ಚಿಲಕದ ಮಾತು ಕೇಳಿ ತಂದೆಯಿಂದ ಮಗೂನ ಕಿತ್ಕೊಳ್ಳೋಕಾಗಲ್ಲ. ಆ ಚಿಲಕ ನೋಡದೇ ಆದೇಶ ಬರೆಯೋಕೂ ನನ್ನಿಂದಾಗಲ್ಲ" ಎಂದು ಮಕ್ಕಳ ರಕ್ಷಣೆಯ ಅಧಿಕಾರಿಯನ್ನು ಆ ಮನೆಗೆ ಕಳಿಸಿದರು.

ಅಧಿಕಾರಿ ವಾಪಸು ಬಂದು ಚಿಲಕ ದೊಡ್ಡವರ ತಲೆಯ ಎತ್ತರದಲ್ಲಿದೆ, ಆ ಹುಡುಗಿ ತುದಿಗಾಲಲ್ಲಿ ನಿಂತರೆ ಹೌದೋ ಅಲ್ಲವೋ ಎಂಬ ಹಾಗೆ ಸಿಕ್ಕೀತು ಎಂದ. ಆಮೇಲೆ ಏನೋ ನೆನಪಾದವನಂತೆ, "ಬಾಗಿಲ ಹಿಂದೆ ಒಂದು ಬಕೆಟ್ ಬೋರಲು ಹಾಕಿತ್ತು ಮೇಡಂ. ಯಾಕೋ ಗೊತ್ತಾಗ್ಲಿಲ್ಲ" ಎಂದ. ಅಲ್ಲಿದ್ದವರಲ್ಲಿ ಅದು ಯಾಕೆಂದು ಕೇಳದೆಯೇ ತಿಳಿದವಳು ನಾನೊಬ್ಬಳೇ.

ಮುಂದಿನ ವಿಚಾರಣೆಯವರೆಗೆ ಇಬ್ಬರೂ ಆಶ್ರಯಧಾಮದಲ್ಲಿ ಇರಲಿ, ತಂದೆ ಬಂದು ನೋಡಲಿ ಎಂದು ಆದೇಶವಾಯಿತು. ನೀನು ಇಲ್ಲಿ ಸಂತೋಷಪಡುತ್ತೀಯ, ತಾಳು. ಅಪ್ಪನ ಜೊತೆ ಕೋರ್ಟಿಗೆ ಬಂದಿದ್ದ ಚಿಕ್ಕವಳು ಅವನ ಪ್ಯಾಂಟು ಹಿಡಿದುಕೊಂಡು ಬಿಡಲೇ ಇಲ್ಲ. "ಅಪ್ಪನ ಹತ್ರಾನೇ ಇರ್ತೀನಿ" ಎಂದು ಇಡೀ ಕಟ್ಟಡ ನಡುಗುವ ಹಾಗೆ ಕಿರುಚಿದಳು. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ಆಗಲೇ ಕಚ್ಚಿದ್ದು. ಅವಳ ಮಾತೂ ಮಗುವಿನ ಮಾತೇ ಅಲ್ಲವೇ? ಅದನ್ನು ಕೇಳಲಿಲ್ಲ ನಾವು. ಆಶ್ರಯಧಾಮದಲ್ಲಿ ಅಕ್ಕನನ್ನು ಕಂಡ ಮೇಲೂ ಅವಳು ಹತ್ತಿರ ಹೋಗಲಿಲ್ಲವಂತೆ, ಬಿಟ್ಟುಹೋದವಳೆಂದು ಮುಖ ತಿರುಗಿಸಿದಳಂತೆ. ಅಪ್ಪ ಪಡಸಾಲೆಯ ಬೆಂಚಿನ ಮೇಲೆ ಬಾಚಣಿಗೆ ಹಿಡಿದುಕೊಂಡು ಅಳುತ್ತಿದ್ದ. ನಾಟಕವಲ್ಲ. ನಾಟಕವಾಗಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ನಿಯಮ ಮುರಿದೆನೆಂದು ನನ್ನ ಮೇಲೂ ವಿಚಾರಣೆ ಇದೆ. ಅಲ್ಲಿಯವರೆಗೆ ಕೋಣೆಯೊಳಗೆ ಕಾಲಿಡುವ ಹಾಗಿಲ್ಲ, ಸ್ಟೋರಿನಲ್ಲಿ ಆಟದ ಸಾಮಾನು ತೊಳೆಯುತ್ತಿದ್ದೇನೆ. ಕೊನೆಗೂ ನಿನ್ನ ಮಾತೇ ನಿಜವಾಯಿತು.

ಭಾವನವರ ಮಂಡಿನೋವು ಹೇಗಿದೆ? ನಿನ್ನ ಮೊಮ್ಮಗಳು ಓಡುತ್ತಾಳೆಂದು ಬರೆದಿದ್ದೀಯ. ಅವಳು ಬಿದ್ದರೆ ಎತ್ತುವವರು ಸದಾ ಹತ್ತಿರದಲ್ಲೇ ಇರಲಿ, ಯಾವ ಸದ್ದಿಗೂ ಬೆಚ್ಚದೆ ನಿದ್ದೆ ಮಾಡಲಿ, ನೂರು ಕಾಲ ಬಾಳಲಿ ಎಂದು ಈ ಅಜ್ಜಿಯ ಆಶೀರ್ವಾದ. ನೀನು ಮಾತ್ರೆ ತಪ್ಪಿಸಬೇಡ.

ನಿನ್ನ,
ಮೊಂಡಿ

ಮರೆತಿದ್ದೆ: ಹೀಗೆ ಕೊನೆಗೆ ಬರೆಯುವವರು ಮರೆತಿದ್ದೆ ಎನ್ನುತ್ತಾರೆ. ನಾನು ಮರೆತಿರಲಿಲ್ಲ. ನಾವು ಚಿಕ್ಕವರಿದ್ದಾಗ ನಿನ್ನನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಲು ಬಂದಿದ್ದ ಅಧಿಕಾರಿ ನನ್ನ ತೋಳು, ಬೆನ್ನು ತಿರುಗಿಸಿ ನೋಡಿ, "ಇವಳಿಗೇನೂ ಆಗಿಲ್ಲ, ಇವಳಾದ್ರೂ ತಂದೆ ಹತ್ರ ಇರ್ಲಿ" ಎಂದರು. ನನಗೇನೂ ಆಗದೇ ಇದ್ದದ್ದು ಹೇಗೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಬಕೆಟ್ ಬೋರಲು ಹಾಕಿ ಹತ್ತಿದರೂ ಎಟುಕುವುದಿಲ್ಲ ಅಕ್ಕ. ಬೆರಳ ತುದಿಗೆ ಕಬ್ಬಿಣ ತಣ್ಣಗೆ ತಾಗುತ್ತದೆ, ಅಷ್ಟೇ. ಚಿಕ್ಕಮ್ಮನ ಮನೆಯಲ್ಲಿ ನಿನ್ನನ್ನೂ ಯಾರಾದರೂ ಕೇಳಿದರಾ, ಎಲ್ಲಿರಲು ಇಷ್ಟ ಎಂದು? ಆಗ ನೀನೂ ಮಗುವೇ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಕಾಗದದಲ್ಲಿ "ಮನೆಗೆ ಹೋಗ್ತೀನಿ ಅಂದಿದ್ದೆ" ಎಂದು ಒಂದು ಸಾಲು ಬರೆ. ಸುಳ್ಳಾದರೂ ಸರಿ.