ಗೆರೆಗೆ ಸರಿಯಾಗಿ ಇಟ್ಟ ಚಪ್ಪಲಿಗಳು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಬಾಗಿಲ ಬಳಿ ಚಪ್ಪಲಿಗಳು ಸಾಲಾಗಿದ್ದವು, ನೆಲದ ಕಲ್ಲಿನ ಗೆರೆಗೆ ಸರಿಯಾಗಿ. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಹಿಂದೆ ಬರೆದದ್ದೆಲ್ಲ ನಿಜವೇ. ಕೆಲಸ ಮಾಡುತ್ತಿದ್ದ ಕಟ್ಟಡದಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅಪ್ಪ ಹೂವಿನಂತಾಗಿದ್ದರು. ನೀರು ಕೊಟ್ಟರೆ, "ಉಪಕಾರ ಆಯ್ತಮ್ಮ, ನೀವು ಯಾರ ಮಗಳು?" ಎನ್ನುತ್ತಿದ್ದರು. ಆ ಅಪ್ಪ ನನಗೆ ಇಷ್ಟವಾಗಿದ್ದರು. ಅದಕ್ಕೇ "ಬದಲಾಗಿದ್ದಾರೆ, ಬಾ" ಎಂದು ಬರೆದೆ; ಈ ಭಾನುವಾರ ಬರುತ್ತೇನೆಂದು ನೀನೂ ಒಪ್ಪಿದೆ.

ಬರೆಯದೆ ಬಿಟ್ಟದ್ದೂ ಇದೆ. ಆಸ್ಪತ್ರೆಯಲ್ಲಿ ಅವರ ತಲೆಗೆ ಪಟ್ಟಿ ಕಟ್ಟಿ ಸಣ್ಣಗೆ ವಿದ್ಯುತ್ ಹರಿಸುತ್ತಾರೆ. ಅದೇ ಹೊತ್ತಿಗೆ ನಾನು ಕಥೆ ಓದಬೇಕು, ಅವರು ಅದನ್ನು ಮತ್ತೆ ಹೇಳಬೇಕು. (ಸಾಹಿತ್ಯದ ಪದವಿ ಕೊನೆಗೂ ಕೆಲಸಕ್ಕೆ ಬಂತು.) ಆಮೇಲೆ ಸೈಕಲ್ ತುಳಿಯುವುದು. "ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ ಕಣಮ್ಮ, ಎಲ್ಲಾ ಒಟ್ಟಿಗೆ ಆದ್ರೇನೇ ಮೆದುಳು ಮಾತು ಕೇಳೋದು" ಎನ್ನುತ್ತಾರೆ ಚಿಕಿತ್ಸಕಿ. ಕೇಳುತ್ತಿದೆ. ಅರ್ಧ ಕಥೆಗೇ ದಾರಿ ತಪ್ಪುತ್ತಿದ್ದವರು ನಿನ್ನೆ ಪೂರ್ತಿ ಹೇಳಿದರು. ಹೆಂಗಸೊಬ್ಬಳು ಪೇಟೆಗೆ ಹೋಗಿ ನೀಲಿ ದಾರ ತರುವ ಪುಟ್ಟ ಕಥೆ. ಮುಗಿಸಿ, ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಯಾರನ್ನ ಕೇಳಿ ಹೋದ್ಲು?"

ಚಿಕಿತ್ಸಕಿಗೆ ಖುಷಿಯೋ ಖುಷಿ. "ನೋಡಿದ್ಯಾ, ಪ್ರಶ್ನೆ ಕೇಳೋ ಹಾಗಾದ್ರು ನಿಮ್ಮಪ್ಪ!" ನನ್ನ ಅಂಗೈ ಬೆವರಿಗೆ ಪುಸ್ತಕದ ರಟ್ಟು ಒದ್ದೆಯಾಗಿತ್ತು.

ನಿನಗೆ ನೆನಪಿದೆಯಲ್ಲ, ಚಪ್ಪಲಿ ಗೆರೆಯಿಂದ ಬೆರಳಷ್ಟು ಸರಿದಿದ್ದರೂ ಸಾಕು, ತಾನಿಲ್ಲದಾಗ ನೀನು ಹೊರಗೆ ಹೋಗಿದ್ದೆಯೆಂದು ಅವರಿಗೆ ತಿಳಿಯುತ್ತಿತ್ತು. ಆಮೇಲೆ ಬಾಗಿಲಿಗೆ ಚಿಲಕ ಬೀಳುತ್ತಿತ್ತು. ರೇಡಿಯೋ ಜೋರಾಗುತ್ತಿತ್ತು.

ಇವತ್ತು ಸಾಲಿನಲ್ಲಿ ನೀನು ಬಿಟ್ಟುಹೋದ ಜೊತೆಯೂ ಇತ್ತು. ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮನೆಯೊಳಗೆ ಮುಖ ಮಾಡಿ ಇಟ್ಟಿದ್ದಾರೆ. "ಭಾನುವಾರ ಬರ್ತಾಳಲ್ಲ" ಎಂದು ನಕ್ಕರು.

ಬರಬೇಡ ಅಮ್ಮ.

ಚಿಕಿತ್ಸೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಮರೆವು ಅವರಿಗೂ ನರಕವೇ. ಶುಕ್ರವಾರ ಚಿಕ್ಕಪ್ಪ ಬರುತ್ತಾರೆ, ಕಥೆ ಓದುವುದು ಇನ್ನು ಅವರ ಪಾಲಿಗೆ. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವ ನಾನು, ನಾಳೆ ಚಿಕಿತ್ಸಕಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಶನಿವಾರ ಬೆಳಗಿನ ಬಸ್ಸಿಗೆ ನಿನ್ನಲ್ಲಿಗೆ ಹೊರಡುತ್ತೇನೆ. ಅಪ್ಪನಿಗೆ ಹೇಳಿಲ್ಲ.

ನಿನ್ನ
ಗುಬ್ಬಿ

ತಾ.ಕ.: ನನ್ನನ್ನು ಕರೆದೊಯ್ಯಲು ಬಸ್ ನಿಲ್ದಾಣಕ್ಕೆ ಬರುವಾಗ ನನ್ನ ಅಳತೆಯ ಒಂದು ಜೊತೆ ಚಪ್ಪಲಿ ತಾ. ನನ್ನದು ಸಾಲಿನಲ್ಲೇ ಇರುತ್ತದೆ.